ಲೈಲನ ತಲೆಯ ಮೇಲೆ ನೀಲಿ ಟೋಪಿ

ಷಿಕಾಗೋಗೆ ಇನ್ನೂ ಅರ್ಧ ದಾರಿ ಇತ್ತು. ಪೆಟ್ರೋಲ್ ಹಾಕಿಸಲು ನಿಂತ ಕಡೆ ನನ್ನ ಗಂಡ ಲೈಲ್ ಅಂಗಡಿಯೊಳಗೆ ಹೋದವನು ಕಬ್ಸ್ ಬೇಸ್‌ಬಾಲ್ ತಂಡದ ನೀಲಿ ಟೋಪಿ ಹಾಕಿಕೊಂಡು ಹೊರಬಂದ. ನಾನು ಕಾರಿನ ಕಿಟಕಿ ಇಳಿಸಿದೆ.

ಷಿಕಾಗೋ, ಸೇಂಟ್ ಲೂಯಿಸ್ ಎರಡರ ನಡುವೆ ಇರುವ ನಮ್ಮೂರು ಪಿಯೋರಿಯಾದಲ್ಲಿ ನಮ್ಮಂಥ ಮನೆಗಳು ಬಹಳ. ನನ್ನ ತವರಿನವರೆಲ್ಲ ಷಿಕಾಗೋದ ಕಬ್ಸ್ ಕಡೆ, ಲೈಲ್ ಸೇಂಟ್ ಲೂಯಿಸಿನ ಕಾರ್ಡಿನಲ್ಸ್ ಕಡೆ. ನೀಲಿ ಟವೆಲ್ಲನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಮನುಷ್ಯ.

"ಏನಿದು ವೇಷ?" ಎಂದೆ.

"ಬಿಸಿಲು ಕಣೆ ಡಾರ್ಲಾ."

ಆಕಾಶದ ತುಂಬ ಮೋಡವಿತ್ತು.

ಕೆಲಸದಿಂದ ನಿವೃತ್ತನಾದಾಗಿನಿಂದ ಹೀಗೆಯೇ. ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಈ ಪ್ರವಾಸವೂ ಅವನದೇ ಯೋಜನೆ. ಮೊದಲು ನನಗಿಷ್ಟವಾದ ಮ್ಯೂಸಿಯಮ್ಮುಗಳು, ಮಾರನೆಯ ದಿನ ಕಬ್ಸ್ ಮತ್ತು ಕಾರ್ಡಿನಲ್ಸ್ ಆಟ, ಅದೂ ನಮ್ಮ ಕಬ್ಸ್ ಕಡೆಯವರು ಕೂರುವ ಗ್ಯಾಲರಿಯಲ್ಲಿ. ನನ್ನ ಅಕ್ಕ ರೋಂಡಾಳ ಗಂಡ ಅವಳನ್ನು ಬಿಟ್ಟುಹೋಗುವ ಮುಂಚೆ ಫ್ಲಾರಿಡಾಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಒಂದು ಮಾತಿಗೂ ಎದುರಾಡಲಿಲ್ಲವಂತೆ.

ಡೈನೋಸಾರಿನ ಅಸ್ಥಿಪಂಜರದ ಮುಂದೆ ಲೈಲ್ ಗಡಿಯಾರ ನೋಡಲಿಲ್ಲ. ಚಿತ್ರಗಳ ಮ್ಯೂಸಿಯಮ್ಮಿನಲ್ಲಿ, ಗಾಜಿನ ಹಿಂದೆ ಜೋಡಿಸಿಟ್ಟ ಪುಟಾಣಿ ಕೋಣೆಗಳನ್ನು ನೋಡಲು ನೋವಿರುವ ಮಂಡಿಯನ್ನೂ ಬಗ್ಗಿಸಿದ. ಉಗುರಿನಷ್ಟು ಪುಸ್ತಕಗಳು, ಬೆರಳುದ್ದದ ಕುರ್ಚಿಗಳು.

"ಎಲ್ಲಾ ಇದೆ, ಜನಾನೇ ಇಲ್ಲ," ಎಂದ. "ಎಲ್ಲಿಗೆ ಹೋದರೋ."

ಅವನು ಏನು ಹೇಳಲು ಹೊರಟಿದ್ದಾನೆ ಎಂದು ಕಾದೆ. "ಇನ್ನೊಂದು ಸಲ ನೋಡೋಣ್ವಾ?" ಎಂದನಷ್ಟೆ.

ಮಾರನೆಯ ದಿನ ಕ್ರೀಡಾಂಗಣದಲ್ಲಿ ಅವನು ಎರಡು ಹಾಟ್ ಡಾಗ್ ತಂದ. ಎರಡರಲ್ಲೂ ಬರೀ ಸಾಸಿವೆ ಸಾಸ್. ಷಿಕಾಗೋದವರು ಹಾಟ್ ಡಾಗಿಗೆ ಕೆಚಪ್ ಮುಟ್ಟಿಸುವುದಿಲ್ಲ. ನನ್ನ ತವರಿನವರನ್ನು ಕೆಣಕಲೆಂದೇ ಪ್ರತಿಸಲ ಸುರಿದುಕೊಳ್ಳುತ್ತಿದ್ದವನು ಇವನು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಲೈಲ್, ನನ್ನ ಬಿಟ್ಟು ಹೋಗ್ತಿದ್ದೀಯಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಸುತ್ತಲಿನವರೆಲ್ಲ ಎದ್ದು ನಿಂತರು. ಕಾರ್ಡಿನಲ್ಸ್ ಆಟಗಾರ ಬಾರಿಸಿದ ಚೆಂಡು ಮುಂದಿನ ಬೆಂಚಿಗೆ ಬಡಿದು, ಪುಟಿದು, ಲೈಲನ ಕಾಲ ಬಳಿ ಬಿತ್ತು. ಅವನು ಅದನ್ನೆತ್ತಿಕೊಂಡ. ಸೇಂಟ್ ಲೂಯಿಸಿನಲ್ಲಿ ಪ್ರತಿ ಆಟಕ್ಕೂ ಕೈಗವಸು ಹಾಕಿಕೊಂಡು ಕಾದರೂ ಅವನಿಗೆ ಒಂದು ಚೆಂಡೂ ಸಿಕ್ಕಿರಲಿಲ್ಲ.

ಬೇಸ್‌ಬಾಲಿನಲ್ಲಿ ಗ್ಯಾಲರಿಗೆ ಬಿದ್ದ ಚೆಂಡು ಸಿಕ್ಕವರದೇ. ಆದರೆ ಎದುರಾಳಿ ಹೊಡೆದ ಚೆಂಡನ್ನು ಈ ಗ್ಯಾಲರಿಯಲ್ಲಿ ಯಾರೂ ಇಟ್ಟುಕೊಳ್ಳುವಂತಿಲ್ಲ, ಮೈದಾನಕ್ಕೆ ವಾಪಸ್ ಎಸೆಯಬೇಕು.

"ಎಸಿ! ಎಸಿ!" ಎಂದು ಎಲ್ಲರೂ ಕೂಗತೊಡಗಿದರು.

"ಏನ್ ತಾತ, ಕಾವು ಕೊಡ್ತಿದ್ದೀಯಾ? ಮರಿ ಬರಲ್ಲ ಅದ್ರಿಂದ," ಎಂದಳು ಹಿಂದಿನ ಸಾಲಿನ ಹೆಂಗಸು.

ಲೈಲ್ ನನ್ನ ಮುಖ ನೋಡಿದ. "ನೀನು ಹೇಳು. ಎಸೀಲಾ?"

ನಾನು ಬ್ಯಾಗಿಗೆ ಕೈಹಾಕಿದೆ. ಇಂಥ ಹೊತ್ತಿಗೆಂದೇ ನನ್ನಪ್ಪ ಜೇಬಿನಲ್ಲಿ ಒಂದು ಹಳೆಯ ಚೆಂಡು ಇಟ್ಟುಕೊಂಡು ಬರುತ್ತಿದ್ದರು. ಅದನ್ನು ಎಸೆದು ನಿಜವಾದದ್ದನ್ನು ಮನೆಗೆ ಒಯ್ಯುವ ಉಪಾಯ. ಈಗ ಆ ಚೆಂಡು ನನ್ನ ಬಳಿ ಇದೆ. ಅದನ್ನು ಲೈಲನ ಇನ್ನೊಂದು ಕೈಗೆ ತುರುಕಿದೆ.

"ಇದನ್ನ ಎಸಿ. ಅದನ್ನ ಬ್ಯಾಗಿಗೆ ಹಾಕು."

ಅವನು ಎರಡು ಕೈಗಳನ್ನೂ ನೋಡಿಕೊಂಡ. ಆಮೇಲೆ ಬೀಸಿ ಎಸೆದ. ಗ್ಯಾಲರಿಯೇ ಕುಣಿಯಿತು. ಉಳಿದ ಚೆಂಡನ್ನು ಬ್ಯಾಗಿಗೆ ಹಾಕಿ ಕುಳಿತ.

"ರೋಂಡಾ ಹತ್ರ ಫೋನಲ್ಲಿ ಹೇಳ್ತಿದ್ದೆ ನೀನು," ಎಂದ. "ಇಷ್ಟು ವರ್ಷ ಎಲ್ಲಾ ಲೈಲ್ ಹೇಳಿದ್ದೇ ನಡೀತು, ಇನ್ನು ದಿನವಿಡೀ ಮನೇಲೇ ಕೂತ್ರೆ ನಾನಂತೂ ಇರಲ್ಲ ಅಂತ. ಹೊರಡೋಳು ನೀನು ಅಂದ್ಕೊಂಡಿದ್ದೆ."

"ಅದು ಸುಮ್ನೆ ಮಾತಿಗಂದಿದ್ದು ಮಾರಾಯ. ನಾನೆಲ್ಲಿಗೆ ಹೋಗಲಿ?"

"ಅದನ್ನ ಮೊದಲೇ ಹೇಳಬಾರದಾ? ಬರೀ ಸಾಸಿವೆ ತಿಂದೆನಲ್ಲ."

ನಗು ಬಂತು, ಅಳುವೂ ಬಂತು. ಕರವಸ್ತ್ರಕ್ಕೆಂದು ಬ್ಯಾಗ್ ತೆರೆದೆ. ಒಳಗಿದ್ದದ್ದು ಅಪ್ಪನ ಚೆಂಡು, ಚಹಾದ ಬಣ್ಣಕ್ಕೆ ತಿರುಗಿದ್ದು.

"ಲೈಲ್, ನಿಜವಾದ್ದನ್ನೇ ಎಸೆದುಬಿಟ್ಟಿದ್ದೀಯ."

"ಹೌದಾ?" ಎಂದ. "ಗಡಿಬಿಡೀಲಿ ಗೊತ್ತಾಗ್ಲಿಲ್ಲ."

ಹೊಸ ಚೆಂಡು ಅಚ್ಚ ಬಿಳಿ. ಕಣ್ಣು ಮುಚ್ಚಿದರೂ ಕೈಗೆ ಗೊತ್ತಾಗುವಷ್ಟು ನುಣುಪು. ಅವನ ಮುಖವನ್ನು ಬಹಳ ಹೊತ್ತು ನೋಡಿದೆ. ಏನೂ ತಿಳಿಯಲಿಲ್ಲ. ಟೋಪಿಯನ್ನು ಹಣೆಯ ಮೇಲಕ್ಕೆ ಎಳೆದುಕೊಂಡು ಎದ್ದುಹೋದವನು ಇನ್ನೊಂದು ಹಾಟ್ ಡಾಗ್ ತಂದ. ಅದರ ತುಂಬ ಕೆಚಪ್. ಹಿಂದಿನ ಸಾಲಿನ ಹೆಂಗಸು ಛೀ ಎಂದಳು.