ಮೂರನೆಯ ಟಕ್

ಲಿಫ್ಟ್ ಮೆಕ್ಯಾನಿಕ್‌ಗೆ ಜನ್ಮವಿಡೀ ಇರುವುದು ಒಂದೇ ಕೆಲಸ: ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದವರನ್ನು ಹೊರಗೆ ತೆಗೆಯುವುದು. ಅಂಥವನ ಮನೆಗೇ ಒಂದು ಪಂಜರ ಬಂದು ಕೂತು, ಒಳಗಿರುವ ಜೀವವನ್ನು ಯಾವ ಕಾರಣಕ್ಕೂ ಹೊರಗೆ ಬಿಡಬಾರದೆಂದು ಅವನನ್ನೇ ಕಾವಲಿಗೆ ಹಾಕಿದರೆ ಅದಕ್ಕೆ ಹಣೆಬರಹ ಅನ್ನಬಹುದು. ಅವನ ಹೆಂಡತಿ ಮಾತ್ರ ಅದನ್ನು ರಜೆ ಅಂದಳು.

ಪಂಜರದಲ್ಲಿದ್ದದ್ದು ಬೋಗಿ. ಡ್ಯಾಷ್‌ಹಂಡ್ ಜಾತಿಯ ನಾಯಿ. ಉದ್ದ ನೋಡಿದರೆ ಎರಡು ನಾಯಿಗಾಗುವಷ್ಟು, ಎತ್ತರ ನೋಡಿದರೆ ಅರ್ಧ ನಾಯಿಗೂ ಸಾಲದು. ಮೂತಿ ಅಡುಗೆಮನೆ ತಲುಪಿದ ಮೇಲೂ ಹಿಂಭಾಗ ಇನ್ನೂ ಹಾಲ್‌ನಲ್ಲೇ ಬರುತ್ತಿರುತ್ತದೆಂದು ಆ ಹೆಸರು. ಅದು ಅತ್ತೆಯ ನಾಯಿ. ದಿನಾ ಬೆಳಿಗ್ಗೆ ಅವರ ಮಂಚದಿಂದ ಕೆಳಗೆ ಹಾರುವುದು ಅದರ ಪದ್ಧತಿ. ಒಂದು ಬೆಳಿಗ್ಗೆ ಹಾರಿತು, ಕಿರುಚಿತು, ಹಿಂಗಾಲೆರಡನ್ನೂ ಒದ್ದೆ ಬಟ್ಟೆಯ ಹಾಗೆ ಎಳೆದುಕೊಂಡು ಮೂಲೆ ಸೇರಿತು.

ಪ್ರಾಣಿಗಳ ಡಾಕ್ಟರಮ್ಮ ಬೆನ್ನಿನುದ್ದಕ್ಕೂ ಬೆರಳು ಒತ್ತುತ್ತಾ ಹೋಗಿ ಒಂದು ಕಡೆ ನಿಂತರು.

"ಮೂಳೆಗಳ ಮಧ್ಯೆ ಮೆತ್ತೆ ಇರುತ್ತಲ್ಲ, ಅದು ಜಾರಿ ನರ ಒತ್ತಿದೆ. ಆಪರೇಷನ್ ಇಲ್ದೇನೂ ಸರಿಹೋಗ್ಬಹುದು. ಆದ್ರೆ ಆರು ವಾರ ಪಂಜರ. ಓಡೋದಿಲ್ಲ, ಹಾರೋದಿಲ್ಲ, ಎದ್ದು ಕುಣಿಯೋದಿಲ್ಲ. ಇನ್ನೊಂದ್ಸಲ ಜಾರಿದ್ರೆ ಹಿಂಗಾಲಿನ ಆಸೆ ಬಿಟ್ಬಿಡಿ."

"ಬಾಲನೂ ಆಡಿಸ್ತಿಲ್ಲ," ಅಂದರು ಅತ್ತೆ.

"ಆಡಿಸಿದ ದಿನ ನಂಗೊಂದು ಫೋನ್ ಮಾಡಿ. ನರ ಬದುಕ್ತು ಅಂತ ಅರ್ಥ."

ನಾಯಿಬಾಲದ ಡೊಂಕನ್ನು ಲೋಕವೆಲ್ಲ ಬೈದುಕೊಂಡೇ ಬಂದಿದೆ. ಆ ಮನೆಯಲ್ಲಿ ಮಾತ್ರ ಮೂರು ಜನ ಆ ಡೊಂಕೊಂದು ಮರಳಿ ಬರಲೆಂದು ಕಾಯತೊಡಗಿದರು. ಬಾಲ ದಾರ ಹಿಡಿದು ಗೆರೆ ಎಳೆದಂತೆ ನೆಟ್ಟಗೆ ಬಿದ್ದಿತ್ತು.

ಕಾವಲಿಗೆ ಯಾರು ಎಂಬ ಚರ್ಚೆ ಅವನು ಸ್ನಾನಕ್ಕೆ ಹೋಗಿದ್ದಾಗ ನಡೆದು, ತಲೆ ಒರೆಸಿಕೊಂಡು ಬರುವಷ್ಟರಲ್ಲಿ ತೀರ್ಮಾನವೂ ಆಗಿಹೋಗಿತ್ತು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ; ಅವಳು ಹೋಗದಿದ್ದರೆ ಊರಿನ ಬಾಯಿಗಳೆಲ್ಲ ತೆರೆದೇ ಉಳಿಯುತ್ತವೆ. ಅತ್ತೆಗೆ ಮಂಡಿ ನೋವು. ಕೂತರೆ ಏಳಲಾಗದು, ಬಗ್ಗಿದರೆ ನೆಟ್ಟಗಾಗದು. ಇತ್ತೀಚೆಗೆ ಕೋಲು ಹಿಡಿದಿದ್ದರು. ಉಳಿದವನ ರಜೆ ವರ್ಷಗಟ್ಟಲೆಯಿಂದ ಕೊಳೆಯುತ್ತಾ ಬಿದ್ದಿತ್ತು.

"ಒಂದು ದಿನಾನೂ ಮನೇಲಿರಲ್ಲ ಅಂತ ಬೈತಿದ್ದೆ ಅಲ್ವೇನ್ರೀ?" ಅಂದಳು ಹೆಂಡತಿ, ಚಪ್ಪಲಿ ಹಾಕಿಕೊಳ್ಳುತ್ತಾ. "ನೋಡಿ, ಬೈಗುಳಾನೂ ಫಲಿಸುತ್ತೆ."

ಬಾಗಿಲು ಮುಚ್ಚಿತು. ಹಾಲ್‌ನಲ್ಲಿ ಉಳಿದದ್ದು ಒಂದು ಪಂಜರ, ಒಂದು ಸೋಫಾ, ಪಕ್ಕದ ಗೋಡೆಗೆ ಮುಖಮಾಡಿದ ಒಂದು ಕಿಟಕಿ. ಸೋಫಾ ಹೊದಿಕೆಯ ಮೇಲಿನ ಹೂವುಗಳಲ್ಲಿ ಒಂದನ್ನು ದರ್ಜಿ ತಲೆಕೆಳಗಾಗಿ ಹೊಲಿದಿದ್ದ. ಅದು ಅವನ ಕಣ್ಣಿಗೆ ಮೊದಲ ದಿನವೇ ಬಿತ್ತು, ಆಮೇಲೆ ಎಷ್ಟು ಪ್ರಯತ್ನಿಸಿದರೂ ಕಾಣದೆ ಹೋಗಲಿಲ್ಲ. ಫ್ರಿಜ್ ಯಾವಾಗ ಗುರ್ರೆನ್ನುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂಬುದು ಬಾಯಿಪಾಠವಾಯಿತು. ಬೋಗಿ ಅವನನ್ನೇ ನೋಡುತ್ತಿತ್ತು. ಲಿಫ್ಟ್‌ನಲ್ಲಿ ಸಿಕ್ಕಿಬಿದ್ದವರಾದರೂ ಕೂಗಾಡುತ್ತಾರೆ, ದೂರು ಕೊಡುತ್ತೇನೆ ಅನ್ನುತ್ತಾರೆ. ಇದು ಬರೀ ನೋಡುತ್ತಿತ್ತು.

ಹೊತ್ತು ಹೊತ್ತಿಗೆ ಅದನ್ನು ಹೊರಗೆ ಒಯ್ಯಬೇಕು. ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ, ಎರಡೂ ತುದಿ ಮೇಲೆ ಹಿಡಿದು, ಹಿಂಗಾಲಿಗೆ ಭಾರ ಬೀಳದಂತೆ ನಡೆಸಬೇಕು. ಮುಂದಿನ ಕಾಲು ನಾಯಿಯದು, ಹಿಂದಿನ ಕಾಲು ಇವನದು.

"ಏನ್ರೀ, ನಾಯೀನ ಕೈಚೀಲ ಮಾಡ್ಕೊಂಡ್ಬಿಟ್ರಾ?" ಅಂದರು ಬೇಲಿಯಾಚೆಯ ಪಕ್ಕದ ಮನೆಯವರು.

"ಹೂಂ. ಜಿಪ್ ಹಾಳಾಗಿದೆ, ರಿಪೇರಿಗೆ ಬಿಟ್ಟಿದೀವಿ," ಅಂದ.

ಅವನ ಕಸುಬಿಗೆ ಎರಡು ನಿಯಮ. ಒಂದು: ಸಿಕ್ಕಿಬಿದ್ದವರು ‘ಇನ್ನೆಷ್ಟು ಹೊತ್ತು’ ಅಂದರೆ ‘ಐದೇ ನಿಮಿಷ’ ಅನ್ನಬೇಕು, ಮೋಟಾರು ಸುಟ್ಟು ಬೂದಿಯಾಗಿದ್ದರೂ ಸರಿ. ಇನ್ನೊಂದು: ಬಾಗಿಲು ತೆಗೆಯುವ ಮುಂಚೆ ಸ್ಪ್ಯಾನರ್‌ನಿಂದ ಮೂರು ಸಲ ಕುಟ್ಟಬೇಕು. ಒಳಗಿನವರು ಬಾಗಿಲಿಗೇ ಒರಗಿ ನಿಂತಿರುತ್ತಾರೆ. ಹೇಳದೆ ತೆಗೆದರೆ ಮುಗ್ಗರಿಸುತ್ತಾರೆ. ಟಕ್, ಟಕ್, ಟಕ್. ಹಿಂದೆ ಸರೀರಿ.

ಪಂಜರದ ಚಿಲಕಕ್ಕೆ ಕೈ ಹಾಕುವ ಮುಂಚೆಯೂ ಅವನ ಬೆರಳಿನ ಗೆಣ್ಣು ತಾನಾಗಿ ಕಂಬಿಗೆ ಬಡಿಯುತ್ತಿತ್ತು. ಟಕ್, ಟಕ್, ಟಕ್.

"ಒಳಗಿಂದ ‘ಯಾರು’ ಅಂತ ಕೇಳುತ್ತಾ ಅಳಿಯಂದ್ರೇ?" ಅಂದಿದ್ದರು ಅತ್ತೆ.

"ಮರ್ಯಾದೆ ಅತ್ತೆ."

"ನನ್ನ ರೂಮಿಗೆ ಬರೋವಾಗ ಈ ಮರ್ಯಾದೆ ಎಲ್ಲಿಟ್ಟಿರ್ತೀರಿ?"

ಅತ್ತೆಗೆ ಅಳಿಯನ ಮೇಲೆ ಒಳಗೊಳಗೇ ಕೋಪ. ನಾಯಿಯನ್ನು ಕೂಡಿಹಾಕಿದ್ದು ಡಾಕ್ಟರಮ್ಮನಾದರೂ ದಿನಾ ಚಿಲಕ ಹಾಕುತ್ತಿದ್ದದ್ದು ಇವನು. ಅವರಿಗೆ ಒಂದೇ ಸಮಾಧಾನವಿತ್ತು. ಅವರು ರೂಮಿನಿಂದ ಕೋಲೂರಿಕೊಂಡು ಹಾಲ್‌ಗೆ ಬಂದ ಕೂಡಲೇ ಬೋಗಿ ಮುಂಗಾಲೆತ್ತಿ ಕಂಬಿಗೆ ನೆಗೆಯುತ್ತಿತ್ತು.

"ನೋಡಿದ್ರಾ? ನೀವು ಇಡೀ ದಿನ ಎದುರಿಗೇ ಕೂತ್ರೂ ಅಲುಗಲ್ಲ. ನಾನು ಬಂದ್ರೆ ಎದ್ದೇಳುತ್ತೆ. ಈ ಮನೇಲಿ ನನ್ನ ಕಂಡ್ರೆ ಎದ್ದು ನಿಲ್ಲೋ ಪ್ರಾಣಿ ಇದೊಂದೇ."

"ನೆಗೀಬಾರ್ದು ಅತ್ತೆ, ಬೆನ್ನಿಗೆ..."

"ಪ್ರೀತಿಗೆ ಬೆನ್ನು ಎಲ್ಲಿ ಗೊತ್ತಾಗುತ್ತೆ?"

ಮೂರನೆಯ ವಾರ, ಆಗ ತಾನೇ ಭಾರ ಹೊರಲು ಶುರುಮಾಡಿದ್ದ ಎಡಗಾಲು ಮತ್ತೆ ಜೋತುಬಿತ್ತು. ಡಾಕ್ಟರಮ್ಮ ಗದರಿದರು: "ಒಳಗೆ ನೆಗೀತಾ ಇದೆ ಇದು. ಯಾಕೆ ನೆಗೀತಿದೆ ಅಂತ ಮೊದ್ಲು ನೋಡಿ. ಹೀಗೇ ಆದ್ರೆ ನನ್ನ ಕೈಲೇನಿಲ್ಲ."

ಅವನು ನೋಡಿದ. ಬೇರೆ ಕೆಲಸವೂ ಇರಲಿಲ್ಲ. ಹೆಂಡತಿಯ ಹೆಗಲು ಹಿಡಿದು ಅತ್ತೆ ಬಂದ ದಿನ ನಾಯಿ ಕಣ್ಣು ಸಹ ಬಿಡಲಿಲ್ಲ. ಕೋಲೂರಿಕೊಂಡು ಬಂದಾಗ ನೆಗೆಯಿತು. ಕೋಲು ನೆಲಕ್ಕೆ ತಾಗುವ ಸದ್ದನ್ನು ಅವನು ಬೆರಳು ಮಡಿಚಿ ಎಣಿಸಿದ. ಟಕ್, ಟಕ್, ಟಕ್.

ಅದು ಅವನದೇ ಸ್ಪ್ಯಾನರ್. ನಾಯಿ ಏಳುತ್ತಿದ್ದದ್ದು ಅತ್ತೆಗಾಗಿ ಅಲ್ಲ, ಬಾಗಿಲು ತೆಗೆಯುತ್ತಾರೆಂದು.

ಇದನ್ನು ಅತ್ತೆಗೆ ಹೇಳಬೇಕಿತ್ತು. ಆದರೆ ಜನ್ಮವೆಲ್ಲ ‘ಐದೇ ನಿಮಿಷ’ ಎಂದುಕೊಂಡು ಬಂದ ನಾಲಿಗೆಗೆ ನಿಜ ಹೇಳುವ ರೂಢಿ ತಪ್ಪಿಹೋಗಿತ್ತು. ಮಾತಿಗಿಂತ ರಬ್ಬರ್ ಸುಲಭ ಅನ್ನಿಸಿತು. ಲಿಫ್ಟ್ ಬಾಗಿಲಿನ ಅಂಚಿಗೆ ಹಾಕುವ ದಪ್ಪ ರಬ್ಬರ್‌ನಿಂದ ಒಂದು ಟೊಪ್ಪಿ ಕತ್ತರಿಸಿ, ನೆಲ ಜಾರುತ್ತದೆಂದು ನೆಪ ಹೇಳಿ, ಕೋಲಿನ ತುದಿಗೆ ಬಿಗಿದ. ತಾನೂ ಕುಟ್ಟುವುದನ್ನು ಬಿಟ್ಟ; ಗೆಣ್ಣು ಏಳುವ ಮುಂಚೆ ಮುಷ್ಟಿ ಬಿಗಿಹಿಡಿಯುತ್ತಿದ್ದ.

ಮನೆ ಹತ್ತಿ ತುಂಬಿದಂತೆ ನಿಶ್ಶಬ್ದವಾಯಿತು. ಬೋಗಿ ಮಲಗಿತು. ಎಡಗಾಲು ಮೆಲ್ಲಗೆ ಮತ್ತೆ ನೆಲ ಹುಡುಕತೊಡಗಿತು. ಬಾಲ ಮಾತ್ರ ಹಾಗೇ ನೆಟ್ಟಗೆ ಬಿದ್ದಿತ್ತು.

ಅತ್ತೆ ಹಾಲ್‌ಗೆ ಬಂದರು. ನಾಯಿ ಏಳಲಿಲ್ಲ. ಅವರು ಪಂಜರದ ಹತ್ತಿರ ಸ್ವಲ್ಪ ಹೊತ್ತು ನಿಂತು, ಗೋಡೆಯ ಮೇಲಿನ ಗಡಿಯಾರ ನೋಡಲೆಂದೇ ಬಂದವರಂತೆ ನೋಡಿ, ವಾಪಸು ಹೋದರು. ಮಾರನೆಯ ದಿನವೂ ಅಷ್ಟೆ. ಆಮೇಲೆ ಬರುವುದೇ ನಿಂತಿತು. ತಟ್ಟೆಯನ್ನು ರೂಮಿಗೇ ತರಿಸಿಕೊಂಡರು. ತಟ್ಟೆ ಅರ್ಧ ತುಂಬಿಯೇ ವಾಪಸು ಬರುತ್ತಿತ್ತು.

"ಅಮ್ಮಂಗೆ ಏನಂದ್ರಿ?" ಅಂದಳು ಹೆಂಡತಿ.

"ಏನೂ ಅನ್ಲಿಲ್ಲ."

"ಅದೇ ಮತ್ತೆ. ನೀವು ಏನೂ ಅನ್ನದಿದ್ದಾಗ್ಲೇ ಏನೋ ಆಗಿರುತ್ತೆ."

ಈಗ ಅವನ ಕಾವಲಿನಲ್ಲಿ ಎರಡು ಪಂಜರ. ಒಂದಕ್ಕೆ ಚಿಲಕ ಹೊರಗಿತ್ತು, ಇನ್ನೊಂದಕ್ಕೆ ಒಳಗೆ.

ಒಂದು ಮಧ್ಯಾಹ್ನ ಆಫೀಸಿನಿಂದ ಫೋನ್ ಬಂದಾಗ, ಹಾಗಾಗಿ, ಅವನಿಗೆ ಆದ ಸಂತೋಷ ಸಭ್ಯವಾದದ್ದಲ್ಲ. ಎರಡು ಬೀದಿ ಆಚೆ ಒಬ್ಬರು ಸಿಕ್ಕಿಬಿದ್ದಿದ್ದಾರೆ, ಬೇರೆಯವರೆಲ್ಲ ದೂರದ ಕೆಲಸದಲ್ಲಿದ್ದಾರೆ, ಬರಲಾದೀತೇ? ಅವನು ಪಂಜರದ ಚಿಲಕ ಎರಡು ಸಲ ಎಳೆದು ನೋಡಿ, ರೂಮಿನ ಬಾಗಿಲಲ್ಲಿ ನಿಂತು, "ಅತ್ತೆ, ಒಬ್ಬರನ್ನ ಬಿಡಿಸಿ ಬರ್ತೀನಿ, ಐದೇ ನಿಮಿಷ," ಅಂದ.

ಐದು ನಿಮಿಷ ಮಧ್ಯಾಹ್ನವನ್ನೆಲ್ಲ ನುಂಗಿತು. ಒಳಗಿದ್ದವರು ಅಚ್ಚಿನ ತಪ್ಪು ಹುಡುಕುವ ಒಬ್ಬ ಪ್ರೂಫ್‌ರೀಡರ್. ಅವನ ‘ಐದೇ ನಿಮಿಷ’ವನ್ನು ಅವರು ಪ್ರತಿ ಸಲವೂ ತಿದ್ದಿದರು. ಕೊನೆಗೆ ಅವನು ಸ್ಪ್ಯಾನರ್ ಎತ್ತಿ ಬಾಗಿಲಿಗೆ ಕುಟ್ಟಿದ. ಮೂರನೆಯ ಟಕ್‌ಗೆ ಅವನಿಗೆ ಮನೆ ನೆನಪಾಯಿತು.

ಮನೆಗೆ ಬಂದು ನೋಡಿದರೆ ಪಂಜರದ ಪಕ್ಕ ನೆಲದ ಮೇಲೆ, ಎರಡೂ ಕಾಲು ಚಾಚಿಕೊಂಡು, ಬೆನ್ನು ಗೋಡೆಗೆ ಕೊಟ್ಟು ಅತ್ತೆ ಕೂತಿದ್ದರು. ಒಂದು ಕೈ ಕಂಬಿಗಳ ನಡುವಿನಿಂದ ಒಳಗಿತ್ತು. ಕೋಲು ಕೈಗೆಟುಕದಷ್ಟು ದೂರ, ಸೋಫಾದ ಮೇಲೆ ಮಲಗಿತ್ತು. ಅದರ ತುದಿಯಲ್ಲಿ ರಬ್ಬರ್ ಇರಲಿಲ್ಲ.

"ಅತ್ತೆ! ಬಿದ್ರಾ?"

"ಮೆಲ್ಲಗೆ. ಮಲಗಿದೆ." ಅವರು ತಲೆ ಎತ್ತಲಿಲ್ಲ. "ಬೀಳ್ಲಿಲ್ಲ. ಕೂತೆ. ಏಳೋಕಾಗ್ಲಿಲ್ಲ."

ಅವನು ಕೋಲು ನೋಡಿದ. ಅವನು ನೋಡಿದ್ದನ್ನು ಅವರು ನೋಡಿದರು.

"ಆ ರಬ್ಬರ್ ನಾನೇ ಕಿತ್ತೆ. ಅದು ಹಾಕಿದ ದಿನದಿಂದ ತಾನೇ ಇದು ನನ್ನ ಮರೆತಿದ್ದು? ನಾನೇನು ದಡ್ಡಿನಾ? ನೀವು ಹೋಗೋದನ್ನೇ ಕಾಯ್ತಿದ್ದೆ. ರೂಮಿಂದ ಬಂದೆ. ಒಂದು ಸಲ ಊರಿದೆ, ತಲೆ ಎತ್ತಿತು. ಎರಡನೇ ಸಲ ಊರಿದೆ, ಮುಂಗಾಲು ಊರಿ ಎದ್ದು ಕೂತಿತು. ನನ್ನ ಕಡೆ ನೋಡ್ಲಿಲ್ಲ ಅಳಿಯಂದ್ರೇ. ಚಿಲಕ ನೋಡ್ತು."

ಅವನು ಸ್ಪ್ಯಾನರನ್ನು ಸದ್ದಾಗದಂತೆ ನೆಲಕ್ಕಿಟ್ಟ.

"ಆಗ ನಿಮ್ಮ ಮರ್ಯಾದೆ ಜ್ಞಾಪಕ ಬಂತು. ಮೂರು ಸಲ ಕುಟ್ಟೋದು."

"ಹೇಳ್ಬೇಕಿತ್ತು ಅತ್ತೆ. ತಪ್ಪಾಯ್ತು."

"ಮೂರನೇದು ಊರಿದ್ರೆ ನೆಗೀತಿತ್ತು. ಊರದೆ ನಡೆಯೋಕೆ ನನಗಾಗಲ್ಲ. ಹಾಲ್ ಮಧ್ಯೆ ಕೋಲು ಎತ್ತಿ ಹಿಡ್ಕೊಂಡು ನಿಂತೆ, ಬೊಂಬೆ ಥರ. ಎಷ್ಟು ಹೊತ್ತು ಅಂತ ನಿಲ್ಲೋದು? ಕೋಲು ಸೋಫಾ ಮೇಲೆ ಹಾಕಿ, ಗೋಡೆ ಹಿಡ್ಕೊಂಡು ಹೇಗೋ ಇಲ್ಲಿಗೆ ಬಂದು ಜಾರಿದೆ." ಕಂಬಿಯೊಳಗಿನ ಕೈಯನ್ನು ನೋಡಿಕೊಂಡರು. "ನನಗೋಸ್ಕರ ಏಳದಿದ್ರೆ ಹೋಗ್ಲಿ. ನನ್ನಿಂದ ಬೀಳೋದು ಬೇಡ."

ಅವನು ಪಂಜರದ ಮೇಲಿದ್ದ ಟವೆಲ್ ತೆಗೆದು ಅವರ ಬೆನ್ನ ಹಿಂದಿನಿಂದ ತಂದು, ಕಂಕುಳ ಕೆಳಗೆ ತೂರಿಸಿ, ತುದಿಗಳನ್ನು ಮುಂದಕ್ಕೆಳೆದುಕೊಂಡ.

"ಇದು ನಾಯಿ ಟವೆಲ್ ಅಲ್ವಾ? ನಾನೇನು ನಾಯೀನಾ?"

"ನಾಯಿ ಕಚ್ಚಲ್ಲ ಅತ್ತೆ."

ಅತ್ತೆ ನಕ್ಕುಬಿಟ್ಟರು. ನಕ್ಕಿದ್ದರಿಂದ ಇದ್ದ ಬಿಗಿಯೂ ಸಡಿಲಿ ಭಾರವೆಲ್ಲ ಟವೆಲಿಗೆ ಬಿತ್ತು. ಅರ್ಧ ಎದ್ದರು, ಮಂಡಿ ಅಲ್ಲಿಗೇ ಸಾಕೆಂದು ನಿಂತಿತು. ಮೇಲೆತ್ತುವಷ್ಟು ಬಲ ಅವನಿಗಿಲ್ಲ, ಕೆಳಗೆ ಬಿಡುವಷ್ಟು ಧೈರ್ಯವೂ ಇಲ್ಲ. ಎರಡು ಮಹಡಿಗಳ ನಡುವೆ ನಿಂತ ಲಿಫ್ಟ್‌ನಂತೆ ಇಬ್ಬರೂ ಬಗ್ಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರು.

"ಇನ್ನೆಷ್ಟು ಹೊತ್ತು ಹೀಗೇ?" ಅವನ ಕಿವಿಯ ಹತ್ತಿರವೇ ಕೇಳಿದರು.

"ಐದೇ..." ಎಂದು ಶುರುಮಾಡಿ ಅವನು ನಿಲ್ಲಿಸಿದ. "ಗೊತ್ತಿಲ್ಲ ಅತ್ತೆ."

"ಅಬ್ಬ. ಕೊನೆಗೂ ಒಂದು ನಿಜ ಬಂತು ಬಾಯಿಂದ."

ಈ ಗಲಾಟೆಗೆ ಬೋಗಿಗೆ ಎಚ್ಚರವಾಗಿತ್ತು. ಅದು ಏಳಲಿಲ್ಲ. ಗಲ್ಲವನ್ನು ಮುಂಗಾಲುಗಳ ಮೇಲಿಟ್ಟುಕೊಂಡು, ತನ್ನ ಟವೆಲಿನಲ್ಲಿ ಜೋತಾಡುತ್ತಿದ್ದ ಅತ್ತೆಯ ಮುಖವನ್ನು ಕೆಳಗಿನಿಂದ ನೋಡಿತು. ಚಿಲಕದ ಕಡೆ ನೋಡಲಿಲ್ಲ.

ಬೋಗಿಯ ಹಿಂಬದಿಯಲ್ಲಿ, ಪಂಜರದ ತಳದ ತಗಡಿಗೆ ಏನೋ ತಾಗಿದ ಸದ್ದಾಯಿತು. ಟಕ್.

ಯಾರೂ ಕುಟ್ಟಿರಲಿಲ್ಲ. ಅವನ ಎರಡೂ ಕೈಗಳು ಟವೆಲಿನಲ್ಲಿದ್ದವು, ಕೋಲು ಸೋಫಾದ ಮೇಲಿತ್ತು.

"ಅದೇನದು?" ಅಂದರು ಅತ್ತೆ.

ಟಕ್.

"ಅಲ್ಲಾಡ್ಬೇಡಿ ಅತ್ತೆ."

ಇಬ್ಬರೂ ಅರ್ಧಕ್ಕೇ ನಿಂತು, ಅಲುಗದೆ, ಮೂರನೆಯದಕ್ಕೆ ಕಾದರು.