ಮೂತಿಯಿಲ್ಲದ ಹರಿಗೋಲು

ಬಂಡೆ ಬಂತು, ಬಾಳೆತೋಟ ಬಂತು, ದಂಡೆಯ ಮೇಲೆ ನಿಂತ ಅಪ್ಪ ಬಂದ, ಮತ್ತೆ ಬಂಡೆ — ಹರಿಗೋಲು ಹೊಳೆಯ ನಡುವೆ ಗಿರಗಿರ ಸುತ್ತುತ್ತಿದೆ, ಎದುರು ಕೂತ ದ್ಯಾವಪ್ಪ ಅದರ ಮೂತಿ ಹುಡುಕುತ್ತಿದ್ದಾನೆ, ಬುಟ್ಟಿಯ ಹಾಗೆ ದುಂಡಗಿರುವುದಕ್ಕೆ ಎಲ್ಲಿಯ ಮೂತಿ, ಹೇಳಬೇಕು, ಬಾಯಿ ಏಳುತ್ತಿಲ್ಲ, ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ಯುದ್ಧದ ದೋಣಿಯಲ್ಲಿ ದುಡಿದು ಬಂದವನಿಗೆ ಏನು ಹೇಳಲಿ, ಅಪ್ಪ ಆನೆಗೊಂದಿಯ ಅಂಬಿಗ, ನಮ್ಮ ಮನೆಯ ಪದ್ಧತಿ ಬಿಡುವವನಲ್ಲ, ಹೆಣ್ಣು ಕೇಳಲು ಬಂದವನು ಆ ಹೆಣ್ಣನ್ನೇ ಕೂರಿಸಿಕೊಂಡು ಆಚೆ ದಂಡೆ ಮುಟ್ಟಿಸಬೇಕು, ಇಲ್ಲವೋ ತನ್ನೂರ ದಾರಿ ಹಿಡಿಯಬೇಕು, ಆಮೇಲೆ ನನಗೆ ಸಿದ್ದಾಪುರದ ಮುದಿಯಪ್ಪನೇ ಗತಿ, ಎರಡು ಹೆಂಡಿರನ್ನು ಮಣ್ಣು ಮಾಡಿದವ, ಕೂತಲ್ಲೇ ಗೊರಕೆ ಹೊಡೆಯುವವ, ಹೋದ ತಿಂಗಳು ಅರೆನಿದ್ದೆಯಲ್ಲೇ ನನ್ನನ್ನು ಆಚೆ ಮುಟ್ಟಿಸಿಬಿಟ್ಟ, ಈ ದ್ಯಾವಪ್ಪನ ಹಿರಿಯರೋ ಹೊಳೆ ಬಿಟ್ಟು ಹನುಮಸಾಗರದಲ್ಲಿ ಜೋಳ ಬಿತ್ತಿದವರು, ಇವನು ಹುಟ್ಟು ಹಿಡಿದದ್ದೇ ಇಲ್ಲ, ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ಬರೀ ತನ್ನ ದೋಣಿಯದೇ ಮಾತು, ಹೆಂಗಸೇ ಎಂಬ ಹಾಗೆ, ಆಕೀನ ಮುಂಬೈದಾಗ ಕಟ್ಟ್ಯಾರ್ರಿ ಮಾವಾ, ಮೈಯೆಲ್ಲ ತೇಗ, ಹಲಿಗಿ ಮ್ಯಾಲ ಹಲಿಗಿ, ಹೊಟ್ಟ್ಯಾಗ ಎರಡು ಎಂಜಿನ್, ಮೂತಿ ಕತ್ತಿ ಇದ್ದಂಗ, ಓಡಾಕ ನಿಂತಳಂದ್ರ ಗಾಳಿ ಹಿಂದ ಬೀಳ್ತಿತ್ರಿ, ಬಾಗಿಲ ಹಿಂದೆ ನನಗೆ ಹೊಟ್ಟೆಕಿಚ್ಚು, ಮರದ ದೋಣಿಯ ಮೇಲೆ — ಬರ್ಮಾ ದಂಡ್ಯಾಗ ಜಪಾನಿನವ್ರ ದೋಣಿ ಬೆನ್ನಟ್ಟೋದು ನಮ್ಮ ಕೆಲಸ್ರಿ, ಎಷ್ಟು ಮುಳುಗಿಸೀದಿಪಾ, ಅಪ್ಪ ಕೇಳಿದ, ಒಂದು ದಿಮ್ಮಿರಿ, ದಿಮ್ಮಿ? ಮಬ್ಬಿನ್ಯಾಗ ಶತ್ರು ಅನಿಸ್ತರಿ, ಬಾಂಬ್ ಒಗದ್ವಿ, ರಾಶಿ ಮೀನ ತೇಲಿ ಬಂದ್ವು, ಹುರಕೊಂಡು ತಿಂದ್ವಿ, ಅಪ್ಪ ನಕ್ಕ, ಅಷ್ಟಕ್ಕ ಎರಡು ಎಂಜಿನ್ ಯಾಕಪಾ, ನಂದೊಂದು ಗಾಳ ಸಾಕಿತ್ತಲ್ಲ, ಈಗ ಎಲ್ಲದಾಳ ಆಕಿ? ಯುದ್ಧ ಮುಗೀತಲ್ರಿ, ಎಂಜಿನ್ ಕಿತ್ತು ಹರಾಜ ಹಾಕಿದ್ರು, ಬಂದರದಾಗ ಸುಣ್ಣದ ಚೀಲ ಹೊರತಾಳ, ಹೇಳುವಾಗ ಅವನ ಕಣ್ಣು ತುಂಬಿದವು, ನಾನು ಸಂದಿಯಿಂದ ನೋಡಿದೆ, ದೋಣಿಗಾಗಿ ಅಳುವವನು ಹೆಂಡತಿಯ ಹೆಣದ ಮುಂದೆ ಗೊರಕೆ ಹೊಡೆಯಲಾರ, ಆಗಲೇ ನನಗೆ ಇವನೇ ಬೇಕೆನಿಸಿತು — ಬಂಡೆ ಬಂತು, ಬಾಳೆತೋಟ ಬಂತು, ಇವನು ಹುಟ್ಟನ್ನು ಬೆನ್ನ ಹಿಂದೆ ಹಾಕಿ ತಳ್ಳುತ್ತಾನೆ, ಎಂಜಿನ್ ಹಿಂದಿನಿಂದ ನೂಕುವ ದೋಣಿಯವನು, ಹರಿಗೋಲಿಗೆ ಮುಂದೆ ಹಾಕಿ ಎಳೆದುಕೊಳ್ಳಬೇಕು, ಏ ಹಡಗಿನ ಸಾಹೇಬಾ, ಹೊಳಿ ದಾಟ್ತೀಯೋ ಜ್ವಾಳ ಬೀಸ್ತೀಯೋ, ಅಪ್ಪ ದಂಡೆಯಿಂದ ಕೂಗುತ್ತಾನೆ, ದ್ಯಾವಪ್ಪ ಬೆವರಿದ್ದಾನೆ, ಸೋತೆ ಎನ್ನಲು ಬಾಯಿ ತೆರೆಯುತ್ತಿದ್ದಾನೆ, ಎಂದರೆ ಮುಗಿಯಿತು, ಗೊರಕೆ, ಜನ್ಮವೆಲ್ಲ ಗೊರಕೆ — ಮುಂದ ಹಾಕ್ರಿ, ನಿಮ್ಮ ಕಡೆ ಎಳಕೋರಿ! ಯಾರು ಅಂದದ್ದು, ನಾನೇ, ಅವನು ಮೇಲಧಿಕಾರಿಯ ಹುಕುಂ ಕೇಳಿದವನ ಹಾಗೆ ತಟ್ಟನೆ ನೆಟ್ಟಗಾಗಿ ಸಲಾಮು ಹೊಡೆದ, ಹುಟ್ಟು ಹಿಡಿದಿದ್ದ ಕೈಯಿಂದಲೇ, ಹುಟ್ಟು ಹೊಳೆಗೆ ಬಿತ್ತು, ನಾನು ಬಾಗಿ ಹಿಡಿದೆ, ಎಳೆದೆ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಸುತ್ತು ನಿಂತಿತು, ಆಚೆ ದಂಡೆ ಹತ್ತಿರವಾಯಿತು, ಹುಲಿಗವ್ವಾ, ಹುಟ್ಟು ಯಾರ ಕೈಯಾಗ ಐತಿ, ಅಪ್ಪನ ಕೂಗು, ಸುಳ್ಳು ಹೇಳಲೇ, ಸುಮ್ಮನಿರಲೇ — ನನ್ನ ಕೈಯಾಗ ಐತಿ ಯಪ್ಪಾ, ನೀ ಲಗ್ನಾ ಗೊತ್ತ ಮಾಡು! ಇಷ್ಟು ದನಿ ನನ್ನಲ್ಲಿ ಎಲ್ಲಿತ್ತು, ಅಪ್ಪನ ನಗು, ಹೊಳೆ ಹಾಯ್ದು ಬಂದ ದೊಡ್ಡ ನಗು, ಹರಿಗೋಲು ಮರಳಿಗೆ ತಾಗಿತು, ಇವನು ಇನ್ನೂ ಕೈ ಇಳಿಸಿಲ್ಲ, ಸಾಕು ಎನ್ನುವತನಕ ಇಳಿಸಬಾರದೋ ಏನೋ, ಸಾಕು ಎನ್ನಬೇಕು, ಎನ್ನುತ್ತಿಲ್ಲ ನಾನು, ಹಣೆಗೆ ಹಚ್ಚಿದ ಆ ಕೈ, ಮೊಣಕೈಯಿಂದ ತೊಟ್ಟಿಕ್ಕುವ ನೀರು, ಆ ಕೈ, ಹಣೆಗೆ ಹಚ್ಚಿದ ಆ ಕೈ —