ಮೂರು ಸಲ ಒತ್ತಿದರೆ ಹಿಡಿಯುವ ಬ್ರೇಕು

ಇಳಿಜಾರು ಬಂತೆಂದರೆ ಫೆರ್ಮಿನ್ ತಿಕೋನಾ ಬ್ರೇಕನ್ನು ಮೂರು ಸಲ ಒತ್ತುತ್ತಿದ್ದ. ಮೊದಲ ಸಲ ಪೆಡಲು ನೆಲ ಮುಟ್ಟುತ್ತಿತ್ತು. ಎರಡನೆಯ ಸಲ ಅರ್ಧಕ್ಕೆ ಇಳಿಯುತ್ತಿತ್ತು. ಮೂರನೆಯ ಸಲಕ್ಕೆ ವ್ಯಾನು ನಿಲ್ಲುತ್ತಿತ್ತು. ಬೆಟ್ಟದ ಮೇಲಿನ ಎಲ್ ಆಲ್ತೋದಿಂದ ಕೆಳಗಿನ ಲಾ ಪಾಸ್ ನಗರಕ್ಕೆ ದಿನವಿಡೀ ಇಳಿದು ಹತ್ತುವ ಹಳೆಯ ವ್ಯಾನು ಅದು. ಬಾಗಿಲಲ್ಲಿ ನಿಂತು ನಿಲ್ದಾಣಗಳ ಹೆಸರು ಕೂಗುತ್ತಿದ್ದವಳು ಅವನ ಹೆಂಡತಿ ಹಿಲಾರಿಯಾ. ಗಂಡನ ಕಾಲಿನ ಆ ತಾಳ ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದೊಂದು ಕಾಯಿಲೆ ಅಂತ ಅನ್ನಿಸಿರಲೇ ಇಲ್ಲ.

ಆ ಶನಿವಾರ ಬೆಳಿಗ್ಗೆ ಸಬೀನಾ ಲಾರುತಾ ಮುಂದಿನ ಸೀಟಿನಲ್ಲಿ ಕೂತಳು. ಅವರದೇ ಬೀದಿಯಲ್ಲಿ ಗ್ಯಾರೇಜು ನಡೆಸುವವಳು. ಘೇರು ಲಂಗ ಎತ್ತಿ ಕಟ್ಟಿ ವ್ಯಾನಿನಡಿ ನುಸುಳಿದಳೆಂದರೆ ಗಂಡಸರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಹಿಲಾರಿಯಾ ಗೋಲ್‌ಕೀಪರ್ ಆಗಿದ್ದ ಹೆಂಗಸರ ಫುಟ್‌ಬಾಲ್ ತಂಡದಲ್ಲಿ ಅವಳೂ ಆಡುತ್ತಿದ್ದಳು. ಮರುದಿನ ತಂಡದ ಹನ್ನೊಂದು ಜನರೂ ಇದೇ ವ್ಯಾನಿನಲ್ಲಿ ಕೊರೊಯಿಕೋಗೆ ಹೋಗಿ ಆಡಬೇಕಿತ್ತು. ಹಿಮ ಬೀಳುವ ಎತ್ತರದಿಂದ ಕಿತ್ತಳೆ ಬೆಳೆಯುವ ತಗ್ಗಿಗೆ ಒಂದೇ ಸಮನೆ ಇಳಿಯುವ ದಾರಿ ಅದು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಬರೀ ಗಾಳಿ.

"ಏನೋ ಫೆರ್ಮಿನ್, ಕಾಲಲ್ಲಿ ಡೋಲು ಬಾರಿಸ್ತಿದ್ದೀಯಾ?" ಎಂದಳು ಸಬೀನಾ.

"ನಮ್ಮ ಗಾಡಿಯಮ್ಮನಿಗೆ ವಯಸ್ಸಾಯ್ತಲ್ಲ ಸಬೀನಾ. ಒಂದ್ಸಲ ಕರೆದ್ರೆ ಕಿವಿಗೆ ಬೀಳಲ್ಲ."

"ಬ್ರೇಕ್ ಎಣ್ಣೆ ಎಷ್ಟು ದಿನಕ್ಕೆ ಹಾಕ್ತೀಯಾ?"

"ವಾರಕ್ಕೊಂದ್ಸಲ. ಚೆನ್ನಾಗಿ ಕುಡೀತಾಳೆ."

"ಅದು ಕುಡಿಯೋ ಎಣ್ಣೆ ಅಲ್ಲ ಕಣೋ. ವಾರವಾರ ಕಮ್ಮಿ ಆಗ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ. ಈಗ್ಲೇ ಗ್ಯಾರೇಜಿಗೆ ತಿರುಗಿಸು."

ಫೆರ್ಮಿನ್ ಮುಖ ಬಿಗಿಯಿತು. ವ್ಯಾನು ಜಪಾನಿನಿಂದ ಬಂದಾಗ ಸ್ಟಿಯರಿಂಗ್ ಬಲಗಡೆ ಇತ್ತು. ಅದನ್ನು ಎಡಕ್ಕೆ ತಂದು, ಬ್ರೇಕ್ ಪೈಪನ್ನೂ ಅಷ್ಟುದ್ದ ಎಳೆದು ಜೋಡಿಸಿದವನು ವಾಲ್ದೋ ಚೋಕೆ. ಮಗುವಿನ ಹಾಗೆ ವ್ಯಾನಿಗೂ ಒಬ್ಬ ಧರ್ಮಪಿತ ಬೇಕಲ್ಲ, ಆ ಧರ್ಮಪಿತನೂ ಅವನೇ. ಮೊದಲ ದಿನ ಗಾಡಿಗೆ ಹೂಮಾಲೆ ಹಾಕಿದವನು, ಶುಭವಾಗಲೆಂದು ಚಕ್ರಕ್ಕೆ ಬಿಯರ್ ಸುರಿದವನು. ಅಂದಿನಿಂದ ಅವರಿಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ, ಅಂದರೆ ರಕ್ತಸಂಬಂಧದಷ್ಟೇ ಹತ್ತಿರದ ನೆಂಟರು. ಕಂಪಾದ್ರೆಯ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಬಿಚ್ಚಿಸುವುದೆಂದರೆ ನಡುಬೀದಿಯಲ್ಲಿ ಅವನ ಟೋಪಿ ಹಾರಿಸಿದ ಹಾಗೆ.

"ಹನ್ನೊಂದು ವರ್ಷದಿಂದ ಏನೂ ಆಗಿಲ್ಲ. ಕೊಪಕಬಾನಾದ ಚರ್ಚಿನಲ್ಲಿ ಪಾದ್ರಿ ಗಾಡಿಗೆ ಪವಿತ್ರ ನೀರು ಚಿಮುಕಿಸಿದ್ದಾರೆ," ಎಂದ.

"ಪಾದ್ರಿ ಮೇಲೆ ಚಿಮುಕಿಸಿದ್ರು. ಪೈಪು ಇರೋದು ಕೆಳಗೆ."

ಹಿಲಾರಿಯಾ ನಕ್ಕಳು. ಆಮೇಲೆ ನಗು ನಿಂತಿತು. ನಾಳೆ ಈ ಬಾಗಿಲಿನಿಂದ ಹತ್ತುವ ಒಬ್ಬೊಬ್ಬಳ ಮುಖವೂ ಕಣ್ಣ ಮುಂದೆ ಬಂತು.

"ತಿರುಗಿಸು," ಎಂದಳು. "ಕೆಳಗೆ ಏನೂ ಇಲ್ದಿದ್ರೆ ನಾಳೆ ದಾರಿ ಪೂರ್ತಿ ನಿನ್ನನ್ನ ಹೊಗಳ್ತೀನಿ."

"ಮದುವೆಯಾದಾಗಿಂದ ಅದಕ್ಕೇ ಕಾಯ್ತಿದ್ದೀನಿ," ಎನ್ನುತ್ತ ಫೆರ್ಮಿನ್ ಗಾಡಿ ತಿರುಗಿಸಿದ.

ಗ್ಯಾರೇಜಿನ ಗುಂಡಿಯ ಮೇಲೆ ವ್ಯಾನು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟರು. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಬಲವಾಗಿ ಒತ್ತಿ ಹಿಡಿ ಎಂದು ಫೆರ್ಮಿನ್‌ಗೆ ಹೇಳಿ, ಸಬೀನಾ ಹಿಲಾರಿಯಾಳನ್ನು ಗುಂಡಿಗೆ ಇಳಿಸಿಕೊಂಡಳು. ಟಾರ್ಚಿನ ಬೆಳಕಿನಲ್ಲಿ ಉಕ್ಕಿನ ಪೈಪಿಗೆ ಸೇರಿಸಿದ ತಾಮ್ರದ ಪೈಪೊಂದು ಕಂಡಿತು. ತಂತಿಯಲ್ಲಿ ಕಟ್ಟಿದ್ದರು. ಬಿಸಿ ಸೈಲೆನ್ಸರ್‌ಗೆ ಇನ್ನೇನು ತಾಗುವಷ್ಟು ಜೋತುಬಿದ್ದಿತ್ತು. ಜಾಯಿಂಟಿನ ಕೆಳಗೆ ಬಣ್ಣವೆಲ್ಲ ಎದ್ದುಹೋಗಿತ್ತು. ಹಿಲಾರಿಯಾ ಜಾಯಿಂಟನ್ನು ಬಟ್ಟೆಯಿಂದ ಒರೆಸಿದಳು. ಮೇಲೆ ಗಂಡ ಪೆಡಲು ಒತ್ತಿದ. ಒಂದು ಹನಿ ಮೂಡಿತು. ಒರೆಸಿದಳು. ಮತ್ತೆ ಮೂಡಿತು.

"ನೀರಿರಬೇಕು!" ಮೇಲಿನಿಂದ ಫೆರ್ಮಿನ್ ಕೂಗಿದ.

"ಇಳಿದು ಬಂದು ನೆಕ್ಕಿ ನೋಡು!" ಹಿಲಾರಿಯಾ ಕೂಗಿದಳು.

"ನೆಕ್ಕಬೇಡ, ವಿಷ. ಮುಟ್ಟಿ ನೋಡು, ಸಾಕು," ಎಂದಳು ಸಬೀನಾ.

ಫೆರ್ಮಿನ್ ಇಳಿದು ಬಂದು ಮುಟ್ಟಿದ. ಬೆರಳು ಜಾರಿತು. ನೀರಲ್ಲ, ಎಣ್ಣೆಯೇ.

"ಇದು ಫ್ರಿಜ್ಜಿಗೆ ಹಾಕೋ ಪೈಪು," ಸಬೀನಾ ಹೇಳಿದಳು. "ಮೆತ್ತಗಿರುತ್ತೆ. ಗಾಡಿ ಅಲುಗಾಡಿದ ಹಾಗೆಲ್ಲ ಸೀಳ್ತಾ ಹೋಗುತ್ತೆ. ಈ ಜಾಯಿಂಟು ನಲ್ಲಿ ನೀರಿಗೆ ಸರಿ. ಬ್ರೇಕ್ ಒತ್ತಿದಾಗ ಬರೋ ಒತ್ತಡ ಇದು ತಡೆಯಲ್ಲ. ಇಲ್ಲಿ ಮೂರನೇ ಸಲಕ್ಕೆ ನಿಂತುಬಿಡ್ತೀಯಾ. ಕೊರೊಯಿಕೋ ದಾರೀಲಿ ಮೂರನೇ ಸಲ ಒತ್ತೋಕೆ ಟೈಮು ಎಲ್ಲಿದೆ?"

"ಕಂಪಾದ್ರೆಗೆ ಏನು ಹೇಳಲಿ?"

"ಕರ್ಕೊಂಡು ಬಾ. ಅವನಿಲ್ದೆ ನಾನು ಸ್ಪ್ಯಾನರ್ ಮುಟ್ಟಲ್ಲ."

ವಾಲ್ದೋ ಕಳ್ಳನಲ್ಲ. ದಿನಕ್ಕೆ ಐದು ವ್ಯಾನು ಮುಗಿಸು ಎಂದವನು, ಉಕ್ಕಿನ ಪೈಪು ಕೇಳಿದರೆ ತಾಮ್ರದ ಸುರುಳಿ ಎಸೆದವನು ಅವನು ಆಗ ಕೆಲಸಕ್ಕಿದ್ದ ವರ್ಕ್‌ಶಾಪಿನ ಮಾಲೀಕ. ಸರ್ಕಾರಿ ತಪಾಸಣೆಗೆ ಬಂದವನು ಹಾರ್ನ್ ಒತ್ತಿದ, ಗಾಡಿ ಸರಿಯಿದೆಯೆಂದು ಗಾಜಿಗೆ ಚೀಟಿ ಅಂಟಿಸಿದ, ಬಗ್ಗಿ ನೋಡಲಿಲ್ಲ. ಆ ಮಾಲೀಕನಾಗಲಿ ತಪಾಸಣೆಯವನಾಗಲಿ ಈ ವ್ಯಾನಿನಲ್ಲಿ ಎಂದೂ ಕೂತವರಲ್ಲ. ಇದರಲ್ಲಿ ಕೂರುವವರು ಆಲೂಗಡ್ಡೆ ಮೂಟೆ ಹೊತ್ತವರು, ಕಂಡವರ ಮನೆ ಪಾತ್ರೆ ತೊಳೆಯುವವರು, ಬೆನ್ನಿಗೆ ಕೂಸು ಕಟ್ಟಿಕೊಂಡವರು.

ವಾಲ್ದೋ ಬಂದ. ಗುಂಡಿಗಿಳಿದು ಬಹಳ ಹೊತ್ತು ನೋಡಿದ.

"ನನ್ನ ಕೈಯದೇ," ಎಂದ. "ಇನ್ನೆಷ್ಟು ಗಾಡಿಗೆ ಹೀಗೇ ಹಾಕಿದ್ದೀನೋ."

"ಅಳೋದು ಆಮೇಲೆ," ಎಂದಳು ಸಬೀನಾ. "ಈ ದಾರದ ತುದಿ ಹಿಡ್ಕೋ."

ದಾರದಿಂದ ಅಳೆದು, ಬ್ರೇಕಿಗೆಂದೇ ಮಾಡಿದ ಉಕ್ಕಿನ ಪೈಪನ್ನು ಒಂದೇ ಉದ್ದಕ್ಕೆ, ನಡುವೆ ಜಾಯಿಂಟಿಲ್ಲದ ಹಾಗೆ ಕತ್ತರಿಸಿದಳು. ಎಲ್ಲೂ ಚಪ್ಪಟೆಯಾಗದಂತೆ ಬಗ್ಗಿಸಿದಳು. ಒತ್ತಡಕ್ಕೆ ಸೋರದಂತೆ ತುದಿಗಳನ್ನು ಎರಡು ಪದರವಾಗಿ ಒಳಕ್ಕೆ ಮಡಚಿದಳು. ಒಂದು ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ನಟ್ಟಿನೊಳಗೆ ಮುಚ್ಚಿಹೋಗುವ ಜಾಗ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಬೀನಾ ಆ ಪೈಪನ್ನೇ ಬದಿಗಿಟ್ಟು ಇನ್ನೊಂದನ್ನು ಮೊದಲಿನಿಂದ ಮಾಡಿದಳು. ಹಿಲಾರಿಯಾ ಉಸಿರು ಬಿಗಿಹಿಡಿದು ನೋಡಿದಳು. ಇಷ್ಟು ವರ್ಷ ಜೊತೆಯಲ್ಲಿ ಆಡಿದ ಗೆಳತಿಯ ಕೈ ಎಂಥದ್ದೆಂದು ಅವಳಿಗೆ ಗೊತ್ತಾದದ್ದು ಅಂದೇ.

ಪೈಪನ್ನು ಸೈಲೆನ್ಸರ್‌ನಿಂದ ದೂರ ಒಯ್ದು, ಅಲುಗದಂತೆ ಅಲ್ಲಲ್ಲಿ ಕ್ಲಿಪ್ಪು ಹಾಕಿ, ಹೊಸ ಎಣ್ಣೆ ತುಂಬಿದರು. ಪೈಪಿನೊಳಗಿನ ಗಾಳಿ ತೆಗೆಯುವಾಗ ಪೆಡಲಿನ ಹತ್ತಿರ ಕೂತವನು ವಾಲ್ದೋ. "ಒತ್ತು. ಹಿಡಿ. ಬಿಡು," ಎನ್ನುತ್ತ ಸಬೀನಾ ಒಂದೊಂದಾಗಿ ನಾಲ್ಕೂ ಚಕ್ರಗಳ ಬಳಿ ಹೋಗಿ ಬಂದಳು. ಎಣ್ಣೆಯಲ್ಲಿ ಗುಳ್ಳೆ ಬರುವುದು ನಿಂತಿತು.

ಕೊನೆಗೆ ಫೆರ್ಮಿನ್ ಕೂತು ಒತ್ತಿದ. ಪೆಡಲು ಕಲ್ಲಿನಂತೆ ನಿಂತಿತು. ಅಭ್ಯಾಸಬಲದಿಂದ ಕಾಲು ಮತ್ತೆ ಎದ್ದಿತು.

"ಏಯ್, ಸಾಕು! ಒಂದೇ ಸಲ!" ಹಿಲಾರಿಯಾ ಅವನ ಮೊಣಕಾಲಿಗೆ ಹೊಡೆದಳು.

ಭಾನುವಾರ ಹನ್ನೊಂದು ಜನ ಕೊರೊಯಿಕೋಗೆ ಇಳಿದರು. ಮೂರು ಗೋಲು ತಿಂದು, ಒಂದೇ ಒಂದು ಹೊಡೆದು ಸೋತರು. ಸಂಜೆ ಮಡಿಲ ತುಂಬ ಕಿತ್ತಳೆ ತುಂಬಿಕೊಂಡು, ರೆಫರಿಯನ್ನು ಬೈಯುತ್ತ, ಹನ್ನೊಂದು ಜನರೂ ಮನೆಗೆ ಬಂದರು. ಸೋಮವಾರ ವಾಲ್ದೋ ತಾನು ಜೋಡಿಸಿದ ಉಳಿದ ವ್ಯಾನುಗಳನ್ನು ಹುಡುಕಿಕೊಂಡು ಹೊರಟ.

ವ್ಯಾನು ಓಡಿಸುವ ಅಣ್ಣಂದಿರೇ, ನಿಮ್ಮ ಪೆಡಲು ಮೊದಲ ಸಲಕ್ಕೇ ಹಿಡಿಯುತ್ತದೆಯೇ? ಎಣ್ಣೆ ಕಮ್ಮಿಯಾಗುತ್ತಿದೆಯೇ? ಸ್ಟಿಯರಿಂಗ್ ಬದಲಿಸಿದ ಗಾಡಿಯಾದರೆ ಬ್ರೇಕ್ ಪೈಪಿನ ಉದ್ದಕ್ಕೂ ಬಲ್ಲವರಿಂದ ನೋಡಿಸಿ. ತಾಮ್ರದ ತೇಪೆ ಕಂಡರೆ ಅದು ಸರಿಹೋಗುವವರೆಗೂ ಗಾಡಿ ತೆಗೆಯಬೇಡಿ. ಜೋಡಿಸಿದವನು ನೆಂಟನಾದರೆ ಅವನನ್ನೂ ಕರೆದು ತೋರಿಸಿ. ಅಕ್ಕಂದಿರೇ, ಗಾಜಿಗೆ ಚೀಟಿ ಅಂಟಿಸಲು ಬಂದವರಿಗೆ ಮೊದಲು ಬಗ್ಗಿ ನೋಡಿ ಎಂದು ಗಟ್ಟಿಯಾಗಿ ಹೇಳಿ. ಅವರು ಕೂರದ ಸೀಟಿನಲ್ಲಿ ಕೂರುವವರು ನೀವು.